ಮೆಕ್ಯಾನಿಕ್ ರೈಲು ಹತ್ತಿದನೋ, ಇಳಿದನೋ

ಎರಡನೇ ಡಿಸ್ಕು ಸರಿಯಾಗಿ ಸ್ಟೇಷನ್ನಿನ ದೃಶ್ಯಕ್ಕೆ ಬಂದು ನಿಂತುಬಿಟ್ಟಿತು. ಟೀವಿಯ ತುಂಬ ಚೌಕ ಚೌಕ ಬಣ್ಣ. ಅದರ ನಡುವೆ ಸಿನಿಮಾದ ರೇಡಿಯೊ ಮೆಕ್ಯಾನಿಕ್, ಕೈಯಲ್ಲಿ ಪೆಟ್ಟಿಗೆ, ಒಂದು ಕಾಲು ರೈಲಿನ ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ. ಮೈಲೇಶ ಡಿಸ್ಕು ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕಿದ. ಮತ್ತೆ ಅದೇ ಕಾಲು, ಅದೇ ಮೆಟ್ಟಿಲು.

"ಹೋಗ್ಲಿ ಬಿಡೋ," ಎಂದ ಅವನ ಅಪ್ಪ ಗಿರಿಯಪ್ಪ. "ಮುಂದಿಂದು ನನಗ ಗೊತ್ತೈತಿ. ಪೊಲೀಸರು ಓಡಿ ಬರೂದ್ರಾಗ ಇಂವ ರೈಲು ಹತ್ತಿ ಹೋಗಿಬಿಡ್ತಾನ. ಯಾರ ಕೈಗೂ ಸಿಗೂದಿಲ್ಲ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. "ಎಲ್ಲಿ ಹೋಗ್ತಾನ?" ಎಂದಳು ಶೇಖವ್ವ ಒಳಗಿನಿಂದಲೇ. "ಹತ್ತಿದಾವ ಇಳೀತಾನ. ಇಳದು ಪೊಲೀಸರ ಮುಂದ ನಿಂತು, ಕಳ್ಳರಿಗೆ ರೇಡಿಯೊ ಮಾಡಿಕೊಟ್ಟಾವ ನಾನಽ ಅಂತಾನ."

"ನೀ ಯಾವಾಗ ನೋಡಿದ್ದಿ?"

"ರಾಣೆಬೆನ್ನೂರಾಗ, ತವರುಮನ್ಯಾಗಿದ್ದಾಗ, ನಮ್ಮಣ್ಣನ ಕೂಡ. ನೀವು ನೋಡಿದ್ದು ಬ್ಯಾಡಗ್ಯಾಗ."

"ಬ್ಯಾಡಗಿಗೆ ಒಂದು ಸಿನಿಮಾ, ರಾಣೆಬೆನ್ನೂರಿಗೆ ಒಂದು ಸಿನಿಮಾ ಮಾಡ್ತಾರೇನು?"

ಸೊಸೆ ಸುಚಿತ್ರಾ ನಕ್ಕಳು. ನಗದವನು ಮೈಲೇಶ ಒಬ್ಬನೇ. "ಸಣ್ಣಾವ ಇದ್ದಾಗಿಂದ ಹತ್ತಿ ಹ್ವಾದ ಅಂತ ಕೇಳೇನಿ. ಈಗ ಅವನ್ನ ಇಳಿಸಬ್ಯಾಡವ್ವ!" ಎಂದು ಟೀವಿ ಆರಿಸಿ ಹೊರಗೆ ಹೋದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ಮನೆಯಲ್ಲಿ ಆಗಿನ್ನೂ ಯಾರೂ ಕುಂಬಳಕಾಯಿಯ ಮಾತನ್ನೇ ಎತ್ತಿರಲಿಲ್ಲ. ಹಾಗಾಗಿ ಅವನ ಸಿಟ್ಟಿಗೆ ಹಸಿವೆ ಕಾರಣ ಎಂದು ತಿಳಿದು ಶೇಖವ್ವ ಲಗುಬಗೆಯಿಂದ ತಾಟು ಹಚ್ಚಿದಳು.

ಗಿರಿಯಪ್ಪ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದವನು. ಮಗ ಹುಬ್ಬಳ್ಳಿಯಲ್ಲಿ ಕಲಿತು ಬಂದು ಎಲೆಕ್ಟ್ರಾನಿಕ್ ತೂಕದ ಕಾಟಾ ರಿಪೇರಿಗೆ ಇಳಿದ. ಕೆಲಸವೆಲ್ಲ ಮಗನದು, ಲೈಸೆನ್ಸ್ ಮಾತ್ರ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಮಗ ಚಿಕ್ಕವನಿದ್ದಾಗ ಅವನಿಗೆ ತುತ್ತು ಉಣ್ಣಿಸುತ್ತ ಗಿರಿಯಪ್ಪ ಹೇಳುತ್ತಿದ್ದದ್ದು ಒಂದೇ ಕಥೆ, ಈ ರೇಡಿಯೊ ಮೆಕ್ಯಾನಿಕನದು. ಬಂಗಾರದ ಕಳ್ಳಸಾಗಣೆಯವರಿಗೆ ಬೆಂಕಿಪೆಟ್ಟಿಗೆಯಷ್ಟು ರೇಡಿಯೊ ಮಾಡಿಕೊಡುವವನು, ಇಡೀ ಪೊಲೀಸ್ ಖಾತೆಗೆ ಮಣ್ಣು ಮುಕ್ಕಿಸುವವನು. ಹುಡುಗ ಬಾಯಿ ತೆರೆದು ಕೇಳುತ್ತಿದ್ದ, ತೆರೆದ ಬಾಯಿಗೆ ತುತ್ತು ಹೋಗುತ್ತಿತ್ತು. ಆ ಪ್ರೀತಿಗೇ ಮೈಲೇಶ ಈಗ ವಿಸಿಡಿ ಪ್ಲೇಯರು ತಂದು, ರಾಣೆಬೆನ್ನೂರಿನ ಅಂಗಡಿ ಅಂಗಡಿ ತಿರುಗಿ ಆ ಡಿಸ್ಕನ್ನೂ ಹುಡುಕಿ ತಂದಿದ್ದ.

ಅದಾಗಿ ಒಂದು ವಾರಕ್ಕೆ ಮಾರುಕಟ್ಟೆಯ ಒಬ್ಬ ಸಾವಕಾರನ ದೊಡ್ಡ ಕಾಟಾ ಮನೆಗೆ ಬಂತು. ಹಾವೇರಿಯ ತೂಕ-ಅಳತೆ ಕಚೇರಿಯಿಂದ ಸಾಹೇಬರು ವರ್ಷದ ಮುದ್ರೆ ಒತ್ತಲು ಬರುವವರಿದ್ದರು, ಅದಕ್ಕಿಂತ ಮುಂಚೆ ಒರೆಸಿ ಸರಿಮಾಡಬೇಕಿತ್ತು. ಮೈಲೇಶ ಸಾಮಾನು ತರಲು ಹೋದಾಗ ಗಿರಿಯಪ್ಪನಿಗೆ ಕೈ ತುರಿಸಿತು. ತನ್ನ ಹಳೆಯ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲನ್ನು ಎತ್ತಿ ಕಾಟಾದ ಮೇಲಿಟ್ಟ. ಕೆಂಪು ಅಂಕಿ ಸರಿಯಾಗಿ ಇಪ್ಪತ್ತು ತೋರಿಸಿತು. ಹೊಸ ಕಾಲದ ಯಂತ್ರವೂ ತನ್ನ ಕಲ್ಲಿನ ಮಾತು ಕೇಳುತ್ತದೆ ಎಂದು ಅವನಿಗೆ ಸಂತೋಷವಾಯಿತು.

ಅದೇ ಹೊತ್ತಿಗೆ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ಸುಚಿತ್ರಾಗೆ ಗಂಡನ ಪ್ಯಾಂಟಿನ ಕಿಸೆಯಲ್ಲಿ ಏನೋ ಸಿಕ್ಕಿತು. ಕಾರಿನ ಕೀಲಿಗೆ ಇರುವಂಥ ಕರಿ ಗುಂಡಿ, ಹೆಬ್ಬೆರಳಿನಷ್ಟು. ಒತ್ತಿದಳು. ಏನೂ ಆಗಲಿಲ್ಲ.

"ಅರೆ ಇದರ!" ಎಂದಿತು ಪಡಸಾಲೆಯಿಂದ ಮಾವನ ದನಿ. "ಹತ್ತೊಂಬತ್ತೂವರಿ ಆತಲ್ಲ?"

ಅವಳು ಮತ್ತೊಮ್ಮೆ ಒತ್ತಿದಳು.

"ಈಗ ಸರಿ ಆತು ನೋಡು, ಇಪ್ಪತ್ತು."

ಅವಳ ಕೈಯ ಸೋಪು ಕಲ್ಲಿನ ಮೇಲೆ ಜಾರಿ ಬಿತ್ತು. ಬೇಡ ಬೇಡವೆಂದುಕೊಂಡೇ ಮೂರನೇ ಸಲ ಒತ್ತಿದಳು.

"ಏ ಶೇಖಾ, ಬಾ ಇಲ್ಲೆ! ನನ್ನ ಕಣ್ಣು ಹ್ವಾದ್ವೋ, ಕಲ್ಲು ಸವದೈತೋ ನೋಡು ಬಾ!"

ಶೇಖವ್ವ ಬಂದು ನೋಡಿ, ತನಗೆ ಅಂಕಿಯೇ ಕಾಣುವುದಿಲ್ಲ, ಕೆಂಪಗೆ ಏನೋ ಉರಿಯುತ್ತಿದೆ ಎಂದಳು. ಸುಚಿತ್ರಾ ಗುಂಡಿಯನ್ನು ಸೆರಗಿಗೆ ಕಟ್ಟಿಕೊಂಡು ಬಟ್ಟೆ ಹಿಂಡಿದಳು. ಗಂಡ ತಾನಾಗಿ ಹೇಳುತ್ತಾನೇನೋ ಎಂದು ಎರಡು ದಿನ ಕಾದಳು. ಅವನು ಎರಡು ದಿನವೂ ಹಾಸಿಗೆ ಕೊಡವುತ್ತ, ಪೆಟ್ಟಿಗೆ ಸರಿಸುತ್ತ ಏನೋ ಹುಡುಕಿದನೇ ಹೊರತು ಬಾಯಿ ಬಿಡಲಿಲ್ಲ.

ಬಾಯಿ ಬಿಡಿಸಿದ್ದು ಗಿರಿಯಪ್ಪನ ಕಲ್ಲು. ಮೂರನೆಯ ದಿನ ಅವನು ಇಪ್ಪತ್ತು ಕಿಲೋದ ಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಅದನ್ನು ತೂಗಿಸಿ ನೋಡಲು ಹಾವೇರಿಯ ಆ ಕಚೇರಿಗೆ ಹೋದ. ಸಂಜೆ ಬಂದು ಊಟಕ್ಕೆ ಕುಳಿತವನು ರೊಟ್ಟಿ ಮುರಿಯಲೇ ಇಲ್ಲ.

"ಕಲ್ಲು ಸರಿ ಐತಂತ. 'ಅಜ್ಜಾರ, ನೀವಿನ್ನ ಮನ್ಯಾಗ ಆರಾಮ ಇರ್ರಿ' ಅಂದ್ರು. ನಾಳೆ ಹೋಗಿ ಲೈಸೆನ್ಸ್ ಬಿಟ್ಟುಕೊಟ್ಟು ಬರ್ತೀನಿ. ತೂಕ ಓದಾಕ ಬರಲಾರದಾವ ಲೈಸೆನ್ಸ್ ಇಟಗೊಂಡು ಏನ್ ಮಾಡ್ಲಿ?"

ಸುಚಿತ್ರಾ ಬದನೆಕಾಯಿ ಪಲ್ಯೆ ಬಡಿಸುತ್ತಿದ್ದಳು. ಪಾತ್ರೆ ಕೆಳಗಿಟ್ಟು, ಸೆರಗಿನ ಗಂಟು ಬಿಚ್ಚಿ, ಗುಂಡಿಯನ್ನು ಗಂಡನ ತಾಟಿನಲ್ಲಿ ರೊಟ್ಟಿಯ ಮಗ್ಗುಲಿಗಿಟ್ಟಳು.

"ಮಾವಾರ, ನಿಮ್ಮ ಕಣ್ಣೂ ಸರಿ ಅದಾವ, ಕಲ್ಲೂ ಸರಿ ಐತಿ. ಇದು ಇವರ ಕಿಸೇದಾಗಿತ್ತು. ಇದನ್ನ ಒತ್ತಿದ್ರ ಸಾವಕಾರನ ಕಾಟಾ ಅರ್ಧ ಕಿಲೋ ತಿಂತೈತಿ."

ಗಿರಿಯಪ್ಪನಿಗೆ ಮೊದಲು ಆದದ್ದು ಸಂತೋಷ. ಕಣ್ಣು ಉಳಿದವು ಎಂಬ ಸಂತೋಷ. ಅದಾಗಿ ಅರೆಗಳಿಗೆಗೆ ಮಾತಿನ ಅರ್ಥ ಹೊಳೆದು, ಸಂತೋಷಪಟ್ಟದ್ದಕ್ಕೇ ನಾಚಿಕೆಯಾಯಿತು.

"ಮೈಲೇಶ, ಕಾಟಾದಾಗ ನೀ ಕೂಡ್ಸಿಯೇನು ಇದನ್ನ?"

"ನಾ ಕೂಡಸಲಿಲ್ಲಾಂದ್ರ ಇನ್ನೊಬ್ಬಾವ ಕೂಡಸ್ತಿದ್ದ ಯಪ್ಪಾ. ಚೀಲಕ್ಕ ಅರ್ಧ ಕಿಲೋ. ಅಷ್ಟಽ. ಈ ವಿಸಿಡಿ ಎಲ್ಲಿಂದ ಬಂತು ಅಂತ ಒಬ್ಬರರ ಕೇಳಿದ್ರೇನು?"

"ಅಷ್ಟಽ ಅಂತೀರಿ," ಎಂದಳು ಸುಚಿತ್ರಾ. "ನಮ್ಮಪ್ಪನ ಚೀಲ ಈ ವರ್ಷ ಯಾವ ಅಂಗಡ್ಯಾಗ ತೂಗ್ಯಾವ? ಅಳಿಯ ನೋಡ್ಕೊಳ್ಳೂ ಕಾಟಾ, ಮೋಸ ಇರೂದಿಲ್ಲ ಅಂತ ನಮ್ಮೂರು ಕದರಮಂಡಲಗಿಯ ಹನ್ನೊಂದು ಮನಿಯವರನ್ನ ಅಲ್ಲಿಗಽ ಕರಕೊಂಡು ಬಂದಾನ. ನಿಮಗ ಗೊತ್ತಿತ್ತೋ ಇಲ್ಲೋ?"

"ಮೊದಲ ಗೊತ್ತಿರಲಿಲ್ಲ. ಆಮ್ಯಾಲೆ ಗೊತ್ತಾತು."

"ಗೊತ್ತಾದಮ್ಯಾಲೆ?"

ಮೈಲೇಶ ರೊಟ್ಟಿ ಹರಿದ, ತಿನ್ನಲಿಲ್ಲ. ಅಪ್ಪನ ಕಡೆ ತಿರುಗಿ ಒಮ್ಮೆಲೇ ಕೂಗಿದ. "ನನಗಷ್ಟಽ ಯಾಕ ನೋಡ್ತೀರಿ? ಶ್ಯಾಣ್ಯಾ ಇದ್ದಾವ ಎಲ್ಲಾರ ಕಣ್ಣಿಗೆ ಮಣ್ಣು ಹಾಕಿ ರೈಲು ಹತ್ತಿ ಹೋಗ್ತಾನ ಅಂತ ತುತ್ತಿಗೊಮ್ಮೆ ಹೇಳಿದಾವ ಯಾರು? ನೀನಽ ಅಲ್ಲೇನು?"

ಶೇಖವ್ವ ನಡುವೆ ಬಂದಳು. "ಸಾಕು ಮಾಡ್ರಿ. ಲೈಸೆನ್ಸ್ ನಿಮ್ಮಪ್ಪನ ಹೆಸರಿನ್ಯಾಗ ಐತಿ. ಈ ವಯಸ್ಸಿನ್ಯಾಗ ಜೇಲು ಕಾಣಬೇಕೇನು ಅವರು? ಸುಮ್ನ ಅದನ್ನ ಕಿತ್ತು ಒಲ್ಯಾಗ ಹಾಕು. ಯಾರಿಗೂ ಹೇಳೂದು ಬ್ಯಾಡ."

"ಅತ್ತಿ, ಅವ ಇಳದು ಪೊಲೀಸರ ಮುಂದ ಹ್ವಾದ ಅಂದಾವ್ರು ನೀವಽ ಅಲ್ಲೇನು?"

"ಅದು ಸಿನಿಮಾ, ಇದು ಮನಿ."

"ನಂಗೊತ್ತಿಲ್ಲ," ಎಂದಳು ಸುಚಿತ್ರಾ. "ಮುಂದಿನ ಐತವಾರ ನಮ್ಮಪ್ಪ ಮಾಲು ತರ್ತಾನ. ಅವಗ ಇವರಽ ಬಾಯಿಬಿಟ್ಟು ಹೇಳಬೇಕು. ಇಲ್ಲಾಂದ್ರ ಅವನ ಟ್ರ್ಯಾಕ್ಟರ್ ಹತ್ತಿ ನಾ ಊರಿಗೆ ಹೋಗ್ತೀನಿ. ಮತ್ತ ಕರಿಯಾಕ ಬರಬ್ಯಾಡ್ರಿ."

ಆ ವಾರ ಮನೆಯಲ್ಲಿ ಅಡುಗೆಯಾಯಿತು, ಊಟ ಒಬ್ಬೊಬ್ಬರದು ಒಂದೊಂದು ಹೊತ್ತಿಗೆ. ಶೇಖವ್ವ ಸೊಸೆಯ ಮೇಲಿನ ಸಿಟ್ಟನ್ನು ಹಿಟ್ಟಿನ ಮೇಲೆ ತೀರಿಸಿಕೊಂಡಳು. ರೊಟ್ಟಿಗಳು ಆ ವಾರದಷ್ಟು ತೆಳ್ಳಗೆ ಎಂದೂ ಆಗಿರಲಿಲ್ಲ. ಮೈಲೇಶ ಕಾಟಾದ ಮುಂದೆ ಕುಳಿತು ಸ್ಕ್ರೂ ಬಿಚ್ಚುವುದು, ಮತ್ತೆ ಬಿಗಿಯುವುದು. ಒಳಗಿನದನ್ನು ಕಿತ್ತರೆ ಸಾವಕಾರ ಕೇಳುತ್ತಾನೆ, ಬಿಟ್ಟರೆ ಹೆಂಡತಿ ಹೋಗುತ್ತಾಳೆ. ಒಂದು ದಿನ ಅವಳ ಬಳಿ ಹೋಗಿ ಕೇಳಿದ.

"ಕಿತ್ತುಬಿಡ್ತೀನಿ. ಹೇಳಲಾರದಽ ಕಿತ್ರ ಆಗೂದಿಲ್ಲೇನು?"

"ತಿಂದದ್ದು ಹೊಟ್ಯಾಗಽ ಇರತೈತಿ," ಎಂದು ಅವಳು ಬಾವಿಗೆ ನಡೆದಳು.

ಗಿರಿಯಪ್ಪನಿಗೆ ಮಾತ್ರ ಬೇರೆಯೇ ಚಿಂತೆ ಹತ್ತಿತ್ತು. ಯಾರು ಕೇಳಿದರೂ ನಗುವಂಥ ಚಿಂತೆ. ಆ ಸಿನಿಮಾದ ಕೊನೆ ಏನು? ತಾನು ಕಣ್ಣಾರೆ ನೋಡಿದ್ದು ಸುಳ್ಳೋ, ಹೆಂಡತಿ ಹೇಳಿದ್ದು ಸುಳ್ಳೋ? ಮಗನಿಗೆ ತಾನು ಉಣ್ಣಿಸಿದ್ದು ಏನು? ಗುರುವಾರ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋದ. ಅಲ್ಲಿ ಹಳೆಯ ಟಾಕೀಸಿನಲ್ಲಿ ಆಪರೇಟರ್ ಆಗಿದ್ದ ನಾಸೀರ ಈಗ ಸ್ಟೇಷನ್ ರಸ್ತೆಯಲ್ಲಿ ಸೈಕಲ್ ಪಂಕ್ಚರ್ ತಿದ್ದುತ್ತಿದ್ದ.

"ರೇಡಿಯೊ ಮೆಕ್ಯಾನಿಕಂದಾ?" ನಾಸೀರ ಟ್ಯೂಬನ್ನು ನೀರಿನಿಂದ ಎತ್ತಿ ನಕ್ಕ. "ಬ್ಯಾಡಗ್ಯಾಗ ನೋಡೀರಿ ಅಂದ್ರ ನೀವು ಸಿನಿಮಾ ಪೂರಾ ನೋಡಿಲ್ಲ ಬಿಡ್ರಿ."

"ಅಂದ್ರ?"

"ಒಂದಽ ಪ್ರಿಂಟು, ಎರಡು ಊರು. ಇಲ್ಲಿ ಓಡಿದ ರೀಲು ಡಬ್ಬಿಗೆ ಹಾಕಿ ಬಸ್ಸಿನ್ಯಾಗ ನಿಮ್ಮೂರಿಗೆ ಕಳಸ್ತಿದ್ವಿ. ಕಡೀ ರೀಲಿನ ಬಸ್ಸು ಮೋಟೆಬೆನ್ನೂರಾಗ ಕೆಟ್ಟು ನಿಲ್ಲೂದು ಅಗದೀ ಮಾಮೂಲು. ಮಂದಿ ಕುರ್ಚಿ ಮುರೀತಾರಂತ ನಿಮ್ಮೂರ ಆಪರೇಟರ್ ರೈಲು ಬಂದಕೂಡ್ಲೆ ಶುಭಂ ಅಂತ ಬರದಿದ್ದ ಗಾಜು ತೋರಿಸಿ ಲೈಟ್ ಹಚ್ಚಿಬಿಡ್ತಿದ್ದ. ವಾರದಾಗ ನಾಕು ದಿನ ಹಿಂಗಽ."

ಮೂವತ್ತು ವರ್ಷಕ್ಕೂ ಮಿಕ್ಕಿ ತಾನು ಹೇಳಿಕೊಂಡು ಬಂದದ್ದು ಮುಗಿಯದ ಕಥೆ ಎಂದು ಗಿರಿಯಪ್ಪನಿಗೆ ಆಗ ತಿಳಿಯಿತು. ಅಂಗಡಿಯ ಕಟ್ಟೆಯ ಮೇಲೆ ಮೆಲ್ಲಗೆ ಕುಳಿತ.

"ಹಂಗಾರ ಕಡೀ ರೀಲಿನ್ಯಾಗ ಏನಿತ್ತಪಾ? ಹತ್ತಿದ್ನೋ, ಇಳದ್ನೋ?"

"ನಾ ಪರದೆ ಎಲ್ಲಿ ನೋಡ್ತಿದ್ನ್ರಿ, ಮಷೀನಿನ ಬೆಂಕಿ ನೋಡ್ತಿದ್ದೆ. ರೀಲು ವಾಪಸ್ ಸುತ್ತುವಾಗ ದೀಪಕ್ಕ ಹಿಡದು ಒಮ್ಮೆ ನೋಡೇನಿ. ರೈಲಿನಿಂದ ಹಿಂದ ಹಿಂದ ಇಳೀತಿದ್ದ. ಉಲ್ಟಾ ಸುತ್ತೂದಲ್ಲೇನ್ರಿ, ಅಂದ್ರ ಖರೇವಂದ್ರ ಹತ್ತಿರಬೇಕು." ನಾಸೀರ ತಲೆ ಕೆರೆದುಕೊಂಡ. "ಅಲ್ಲ, ತಡೀರಿ. ನಿಮ್ಮೂರಾಂವ ಕೆಲವೊಮ್ಮೆ ರೀಲು ತಾನಽ ಸುತ್ತಿ ಕಳಸ್ತಿದ್ದ. ನಾ ಗೊತ್ತಿಲ್ಲದ ಮತ್ತೊಮ್ಮೆ ಸುತ್ತಿದ್ನಂದ್ರ ನಾ ನೋಡಿದ್ದು ಸುಲ್ಟಾ. ಹಂಗಾರ ಇಳದಿರಬೇಕು. ಇಷ್ಟು ವರ್ಷಾತು, ಈಗ್ಯಾಕ್ರಿ ಅದು?"

"ಮನ್ಯಾಗ ಜಗಳ ಹತ್ತೈತಿ," ಎಂದ ಗಿರಿಯಪ್ಪ.

ಮನೆಗೆ ಬಂದು ಹೆಂಡತಿಯ ಮುಂದೆ ಕುಳಿತ. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೈಲೇಶ ಅಲ್ಲೇ ಪಡಸಾಲೆಯಲ್ಲಿ ಕಾಟಾಕ್ಕೆ ಬೆನ್ನು ಕೊಟ್ಟು ಕುಳಿತಿದ್ದ.

"ನಾ ಕಡೀ ರೀಲು ನೋಡಿಲ್ಲಂತ ಶೇಖಾ. ನಾಸೀರ ಹೇಳಿದ. ನೀ ನೋಡಿದ್ದಽ ಖರೇ ಇರಬೇಕು. ಅವ ಇಳದ ಮ್ಯಾಲೆ ಏನಾತು? ಪೊಲೀಸರು ಬಿಟ್ರೋ, ಬಡದ್ರೋ?"

ಶೇಖವ್ವ ಮೊರ ಕೆಳಗಿಟ್ಟಳು. "ನಾನೂ ನೋಡಿಲ್ಲ."

"ಏನಂದಿ?"

"ಸ್ಟೇಷನ್ ಬರೂದ್ರಾಗ ನಮ್ಮಣ್ಣ ಎಬ್ಬಿಸಿಕೊಂಡು ಹೊಂಟ, ಆಟ ಬಿಟ್ಟಮ್ಯಾಲೆ ಟಾಂಗಾ ಸಿಗೂದಿಲ್ಲಂತ."

"ಮತ್ತ ಆವತ್ತು ಇಳೀತಾನ ಅಂತ ಹೇಳಿದ್ದು?"

"ನೀವು ದಿನಾ ಕೂಸಿಗೆ ಹತ್ತಿ ಓಡಿ ಹ್ವಾದ, ಓಡಿ ಹ್ವಾದ ಅಂತ ಹೇಳ್ತಿದ್ರಿ. ಯಾರರ ಒಬ್ಬರು ಇಳಸಬೇಕಲ್ಲ!"

ಗಿರಿಯಪ್ಪ ನಗಬೇಕೋ ಬೈಯಬೇಕೋ ತಿಳಿಯದೆ ಹೆಂಡತಿಯ ಮುಖವನ್ನೇ ನೋಡಿದ. ಮೈಲೇಶ ಎದ್ದು, "ಹಂಗಾರ ಇಬ್ರಿಗೂ ಗೊತ್ತಿಲ್ಲ," ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದ. ಸಿಟ್ಟಿನಿಂದ ಅಂದನೋ ದುಃಖದಿಂದ ಅಂದನೋ ಇಬ್ಬರಿಗೂ ತಿಳಿಯಲಿಲ್ಲ.

ಐತವಾರ ಮಧ್ಯಾಹ್ನ ಸುಚಿತ್ರಾಳ ಅಪ್ಪ ಲಕ್ಷ್ಮಪ್ಪನ ಟ್ರ್ಯಾಕ್ಟರ್ ಬಾಗಿಲಿಗೆ ಬಂತು. ತುಂಬ ಮೆಣಸಿನಕಾಯಿ ಚೀಲ, ಅವನದಷ್ಟೇ ಅಲ್ಲ, ಊರವರದೂ. ಬೀಗರ ಮನೆಗೆಂದು ಒಂದು ಚೀಲ ಬಿಳಿಜೋಳ. "ಬೀಗ್ರ, ಈ ಸಲದ ಕಾಯಿ ಬಣ್ಣ ನೋಡ್ರಿ!" ಎನ್ನುತ್ತಲೇ ಒಳಗೆ ಬಂದು ಕಾಲು ತೊಳೆದು ಊಟಕ್ಕೆ ಕುಳಿತ. ಸುಚಿತ್ರಾ ಬಡಿಸಿದಳು. ಅವಳ ಬಟ್ಟೆಯ ಚೀಲ ಬಾಗಿಲ ಹಿಂದೆ ತಯಾರಾಗಿತ್ತು. ಅದನ್ನು ಮೈಲೇಶ ನೋಡಿದ್ದ.

"ಮಾವಾರ," ಎಂದ. ಮುಂದಿನ ಮಾತಿಗೆ ನೀರು ಕುಡಿಯಬೇಕಾಯಿತು. "ನಿಮ್ಮ ಚೀಲ ತೂಗೂ ಕಾಟಾದಾಗ ಮೋಸ ಐತಿ. ನಾನಽ ಕೂಡಿಸೇನಿ."

ಲಕ್ಷ್ಮಪ್ಪ ಪಲ್ಯೆ ಹಚ್ಚಿದ ತುತ್ತು ಕೈಯಲ್ಲಿ ಹಿಡಿದೇ ನಕ್ಕ. "ಏನ್ ಚಾಷ್ಟಿ ಮಾಡ್ತೀರಿ ಅಳಿಯಂದ್ರ! ಸಾವಕಾರ ಏನರ ಮಾಡಿದ್ರ ಅದನ್ನ ನೀವ್ಯಾಕ ಮೈಮ್ಯಾಲೆ ಹಾಕ್ಕೋತೀರಿ?"

"ಚಾಷ್ಟಿ ಅಲ್ರಿ."

"ಬಿಡ್ರಿ, ನೀವು ಅಂಥಾವರಲ್ಲ."

ಆ ನಂಬಿಕೆ ಮೈಲೇಶನಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಎಂಜಲುಗೈಯಲ್ಲೇ ಎದ್ದು ಹೋಗಿ, ಜೋಳದ ಚೀಲವನ್ನು ಎಳೆದು ಕಾಟಾದ ಮೇಲಿಟ್ಟ. ಐವತ್ತು ಕಿಲೋ ಇನ್ನೂರು ಗ್ರಾಂ. ಗುಂಡಿ ಒತ್ತಿದ. ನಲವತ್ತೊಂಬತ್ತು ಏಳುನೂರು. ಲಕ್ಷ್ಮಪ್ಪ ತಾಟಿನ ಮುಂದಿನಿಂದ ಎದ್ದು ಬಂದು ಕಾಟಾದ ಸುತ್ತ ಒಂದು ಸುತ್ತು ಹಾಕಿದ, ಬಗ್ಗಿ ಕೆಳಗೆ ನೋಡಿದ.

"ಇನ್ನೊಮ್ಮೆ ಒತ್ರಿ."

ಒತ್ತಿದ.

"ಇನ್ನೊಮ್ಮೆ."

ಆರು ಸಲ ಒತ್ತಿಸಿದ. ಆಮೇಲೆ ಕೈ ತೊಳೆದು, ಮುಖ ಒರೆಸಿ, ಯಾರ ಕಡೆಯೂ ನೋಡದೆ ಹೇಳಿದ. "ಬಾಯಿಲೆ ಹೇಳಿದ್ರ ಊರಾಗ ಯಾರೂ ನಂಬೂದಿಲ್ಲ. ನಾನಽ ನಂಬಲಿಲ್ಲ. ಕಾಟಾ ಗಾಡ್ಯಾಗ ಇಡ್ರಿ."

"ಬ್ಯಾಡ್ರಿ ಅಣ್ಣಾರ," ಎಂದು ಶೇಖವ್ವ ಅಡ್ಡ ಬಂದಳು. "ಲೈಸೆನ್ಸ್ ಇವರದೈತಿ, ಪೊಲೀಸರು ಇವರನ್ನ ಹಿಡೀತಾರ."

"ಲೈಸೆನ್ಸ್ ನಂದಽ," ಎಂದ ಗಿರಿಯಪ್ಪ ರುಮಾಲು ಸುತ್ತಿಕೊಳ್ಳುತ್ತ. "ಅದಕ್ಕಽ ನಾನೂ ಹೊಂಟೀನಿ."

ಸುಚಿತ್ರಾ ಬಟ್ಟೆಯ ಚೀಲ ಮುಟ್ಟಲಿಲ್ಲ. ಬರಿಗೈಯಲ್ಲಿ ಬಂದು ಗಂಡನ ಎದುರಿಗೆ ಚೀಲಗಳ ಮೇಲೆ ಕುಳಿತಳು. ದಾರಿಯುದ್ದಕ್ಕೂ ಮೆಣಸಿನಕಾಯಿಯ ಖಾರಕ್ಕೆ ಎಲ್ಲರೂ ಸೀನಿದರು.

ಕದರಮಂಡಲಗಿಯಲ್ಲಿ ಲಕ್ಷ್ಮಪ್ಪನ ಕಟ್ಟೆಯ ಮುಂದೆ ಹನ್ನೊಂದು ಮನೆಯವರೂ ಬಂದು ನಿಂತರು. ಹೋದ ಮಾಲು ಹಾಗೇ ತಿರುಗಿ ಬಂದದ್ದು ಯಾಕೆಂದು ಎಲ್ಲರಿಗೂ ಗಾಬರಿ. ಮೈಲೇಶ ಕಾಟಾ ಇಳಿಸಿ, ಒಂದು ಚೀಲವಿಟ್ಟು ತೋರಿಸಿದ. ಒತ್ತಿದರೆ ಕಡಿಮೆ, ಮತ್ತೆ ಒತ್ತಿದರೆ ಸರಿ. ಮೊದಲು ಯಾರಿಗೂ ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಗದ್ದಲವೋ ಗದ್ದಲ.

"ಕಳ್ಳ ಸಾವಕಾರ! ನಮ್ಮ ಹೊಟ್ಟಿ ಮ್ಯಾಲೆ ಹೊಡದ!"

"ಅವನ ಕಾಟಾನಽ ಹೊತಗೊಂಡು ಬಂದಾರ ನೋಡ್ರಿ, ಭಲೆ ಅಳಿಯಂದ್ರ!"

"ನಮ್ಮೂರ ಅಳಿಯ ಅಂದ್ರ ಹಿಂಗಿರಬೇಕು!"

ಯಾರೋ ಚಪ್ಪಾಳೆ ತಟ್ಟಿದರು. ಯಾರೋ ಚಹಾ ತರಲು ಓಡಿದರು. ಎರಡೆಕರೆ ಮೆಣಸಿನಗಿಡವನ್ನು ಒಬ್ಬಳೇ ನೋಡಿಕೊಳ್ಳುವ ಮುದುಕಿ ಸುಗರಾಬಿ ಗುಂಪು ಸರಿಸಿಕೊಂಡು ಬಂದು ಮೈಲೇಶನ ತಲೆಯ ಮೇಲೆ ಕೈಯಿಟ್ಟಳು. "ಬಡವರ ಬಾಯಾಗಿನ ಅನ್ನ ಉಳಿಸಿದಿ ಮಗನಽ. ನಿನ್ನ ಹೊಟ್ಟಿ ತಣ್ಣಗಿರ್ಲಿ."

ಮೈಲೇಶ ಮಾವನ ಕಡೆ ನೋಡಿದ. ಲಕ್ಷ್ಮಪ್ಪ ನೆಲ ನೋಡುತ್ತಿದ್ದ; ಅಳಿಯನ ಮಾನವೆಂದರೆ ಅವನ ಮಾನವೂ ಹೌದು. ಅಪ್ಪನ ಕಡೆ ನೋಡಿದ. ಗಿರಿಯಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಿದ್ದ. ಸುಚಿತ್ರಾ ಟ್ರ್ಯಾಕ್ಟರಿನ ಗಾಲಿಗೆ ಒರಗಿ ನಿಂತಿದ್ದಳು, ಅವಳ ಕಣ್ಣು ತುಂಬಿದ್ದವು. ಬೇಡ ಎನ್ನುತ್ತಿದ್ದಾಳೋ, ಹೇಳು ಎನ್ನುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿತ್ತೋ ಇಲ್ಲವೋ. ಯಾರೂ ಬಾಯಿ ಬಿಡುವಂತಿರಲಿಲ್ಲ. ಅವನು ಸುಮ್ಮನೆ ನಿಂತು ಚಹಾ ಕುಡಿದಿದ್ದರೂ ಎಲ್ಲವೂ ಮುಗಿದುಹೋಗುತ್ತಿತ್ತು.

"ಯವ್ವಾ," ಎಂದ. "ನಾ ಉಳಿಸಿದಾವ ಅಲ್ಲ. ಇದನ್ನ ಕೂಡಿಸಿದಾವ ನಾನು."

ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಸುಗರಾಬಿ ನಗುತ್ತಲೇ, "ಏನಂದ್ಯೋ?" ಎಂದಳು.

ಅವನು ಗುಂಡಿ ಹಿಡಿದ ಕೈಯನ್ನು ಎತ್ತಿ, ಊರಿಗೆಲ್ಲ ಕೇಳುವಂತೆ ಹೇಳಿದ. "ಸಾವಕಾರ ಹೇಳಿದ, ನಾ ಕೂಡಿಸಿದೆ! ಈ ಸುಗ್ಗಿ ಪೂರಾ ನಿಮ್ಮ ಚೀಲ ತೂಗಿದ್ದು ಇದರ ಮ್ಯಾಲೆ. ಮಾಡಿದಾವ ನಾನಽ!"

ಚಪ್ಪಾಳೆ ನಿಂತಿತು. ಚಹಾದ ಕೆಟಲಿ ಹಿಡಿದು ಬಂದವನು ಬಾಗಿಲಲ್ಲೇ ನಿಂತ. ಹಿಂದಿನಿಂದ ಯಾರೋ ಒಂದು ಕೆಟ್ಟ ಮಾತು ಅಂದರು, ಲಕ್ಷ್ಮಪ್ಪ ಅದನ್ನು ಕೇಳಿಯೂ ತಲೆ ಎತ್ತಲಿಲ್ಲ. ಸುಗರಾಬಿ ಮೈಲೇಶನ ತಲೆಯ ಮೇಲಿನ ಕೈ ತೆಗೆದಳು. ಅವನ ಮುಖ ನೋಡಿದಳು, ಕಾಟಾ ನೋಡಿದಳು, ಟ್ರ್ಯಾಕ್ಟರಿನಲ್ಲಿ ಇಳಿಯದೆ ಉಳಿದಿದ್ದ ತನ್ನ ನಾಲ್ಕು ಚೀಲ ನೋಡಿದಳು.

"ಹಂಗಾರ," ಎಂದಳು, "ನಾಳೆ ನನ್ನ ಕಾಯಿ ಎಲ್ಲಿ ತೂಗಸ್ಲಿ?"

ಅವಳು ಕೇಳಿದ್ದು ಮೈಲೇಶನನ್ನೇ.